ಪೋಲಿ ಜೋಕು, ಪಕ್ಕಾ ದೋಸ್ತಿ: ಇತ್ತೀಚಿನ ಹಾಲಿವುಡ್ ಕಾಮಿಡಿಗಳಲ್ಲಿ ನಿಮಗೆ ಯಾವುದು?

ಗೆಳೆಯರ ಜೊತೆ ಕೂತು ನೋಡೋಕೆ ಒಂದು ಪೋಲಿ ಹಾಲಿವುಡ್ ಕಾಮಿಡಿ ಹೇಳಿ ಅಂತ ಕೇಳುವವರು ಬಹಳ ಜನ. ಕೇಳಿದ ಕೂಡಲೇ ಎಲ್ಲರ ಬಾಯಿಗೂ ಬರುವುದು ಎರಡೇ ಹೆಸರು. ಒಂದು 2007ರ ‘ಸೂಪರ್‌ಬ್ಯಾಡ್’, ಇನ್ನೊಂದು 2009ರ ‘ದಿ ಹ್ಯಾಂಗೋವರ್’. ಎರಡೂ ಒಳ್ಳೆಯ ಸಿನಿಮಾಗಳೇ. ಆದರೆ ಬಂದು ಹದಿನೈದು ವರ್ಷ ದಾಟಿದೆ. ಕೇಳುವವರು ಅವನ್ನು ಯಾವಾಗಲೋ ನೋಡಿ ಮುಗಿಸಿರುತ್ತಾರೆ. ಇತ್ತೀಚಿನದು ಬೇಕು ಅಂತ ಹುಡುಕಿದರೆ ‘ಒನ್ ಆಫ್ ದೆಮ್ ಡೇಸ್’, ‘ಜಾಯ್ ರೈಡ್’, ‘ಬಾಟಮ್ಸ್’, ‘ನೋ ಹಾರ್ಡ್ ಫೀಲಿಂಗ್ಸ್’, ‘ರಿಕಿ ಸ್ಟಾನಿಕಿ’, ‘ಬುಕ್‌ಸ್ಮಾರ್ಟ್’ ಅಂತ ಸಾಲುಸಾಲು ಹೆಸರು ಎದುರಾಗುತ್ತವೆ. ಪೋಸ್ಟರ್‌ನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಒಳಗೆ ಹೋದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಈ ಬಗೆಯ ಸಿನಿಮಾ ನನಗೆ ತುಂಬಾ ಇಷ್ಟ. ‘ಬರೀ ಹೊಲಸು’ ಅಂತ ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಜೀವದ ಗೆಳೆಯರು ಮಾತಾಡುವುದೇ ಹಾಗೆ ಅಲ್ವಾ? ಅಪ್ಪ ಅಮ್ಮನ ಎದುರು, ಆಫೀಸಿನಲ್ಲಿ, ಕೊನೆಗೆ ಗಂಡ ಹೆಂಡತಿಯ ಎದುರೂ ಆಡದ ಮಾತನ್ನು ಅವರ ಮುಂದೆ ಸಲೀಸಾಗಿ ಆಡುತ್ತೇವೆ. ಆ ಸಲುಗೆ ತೆರೆಯ ಮೇಲೆ ಬಂದಾಗ ಪೋಲಿ ಮಾತೂ ಪ್ರೀತಿಯ ಮಾತಾಗಿಯೇ ಕೇಳಿಸುತ್ತದೆ. ಅದೇ ಸಲುಗೆ ಇಲ್ಲದೆ ಜೋಕು ಮಾತ್ರ ಉಳಿದರೆ ಅರ್ಧ ಗಂಟೆಯಲ್ಲಿ ಬೇಸರ ಬಂದುಬಿಡುತ್ತದೆ. ನನ್ನ ಆಯ್ಕೆಗಳೆಲ್ಲ ನಿಂತಿರುವುದು ಈ ಒಂದು ವಿಷಯದ ಮೇಲೆ.

ಮೊದಲು ಯಾವುದನ್ನು ನೋಡಬೇಕು?

ನಾನು ಮೊದಲು ನೋಡುವುದು ಜಗಳವನ್ನು. ಇಂಥ ಪ್ರತಿ ಸಿನಿಮಾದಲ್ಲೂ ಮುಕ್ಕಾಲು ಭಾಗ ಕಳೆಯುವ ಹೊತ್ತಿಗೆ ಗೆಳೆಯರು ಒಮ್ಮೆ ಜೋರಾಗಿ ಕಿತ್ತಾಡುತ್ತಾರೆ. ಅದು ಈ ಬಗೆಯ ಕಥೆಗಳಲ್ಲಿ ತಪ್ಪದ ಪದ್ಧತಿ. ಆ ಜಗಳ ನೋಡುವಾಗ ನಿಮ್ಮ ಹೊಟ್ಟೆಯಲ್ಲಿ ಏನೋ ಹಿಂಡಿದಂತಾದರೆ ಸಿನಿಮಾ ಗೆದ್ದಿದೆ. ‘ಸರಿ, ಇನ್ನು ಹತ್ತು ನಿಮಿಷದಲ್ಲಿ ರಾಜಿ ಆಗ್ತಾರೆ’ ಅಂತ ಫೋನ್ ಕೈಗೆತ್ತಿಕೊಂಡರೆ ಸೋತಿದೆ.

ಎರಡನೆಯದು, ನಗು ಯಾರ ಮೇಲೆ ಅನ್ನುವುದು. ಹಳೆಯ ಪೋಲಿ ಕಾಮಿಡಿಗಳಲ್ಲಿ ಹೆಂಗಸರು, ಸಲಿಂಗಿಗಳು, ಬೇರೆ ದೇಶದವರು ಸುಮ್ನೆ ನಗೆಪಾಟಲಾಗುತ್ತಿದ್ದರು. ‘ದಿ ಹ್ಯಾಂಗೋವರ್’ಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂದಿತ್ತು. ಆದರೆ ಅದರ ಕೆಲವು ಜೋಕುಗಳು ಇವತ್ತು ಕೇಳಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಹೊಸ ಸಿನಿಮಾಗಳಲ್ಲಿ ಒಳ್ಳೆಯವು ತಮ್ಮ ಮುಖ್ಯ ಪಾತ್ರಗಳನ್ನೇ ಪೇಚಿಗೆ ಸಿಕ್ಕಿಸಿ ನಗಿಸುತ್ತವೆ.

ಮೂರನೆಯದು, ಎಷ್ಟು ಪೋಲಿ ಅನ್ನುವುದಕ್ಕಿಂತ ಯಾವ ಬಗೆಯ ಪೋಲಿ ಅನ್ನುವುದು. ಬರೀ ಬೈಗುಳ ಇರುವ ಸಿನಿಮಾ ಬೇರೆ. ಮೈ ಪೂರ್ತಿ ಬಿಚ್ಚುವ ಸಿನಿಮಾ ಬೇರೆ. ಡ್ರಗ್ಸ್ ಸುತ್ತ ಓಡುವುದು, ರಕ್ತ ಹರಿಸುವುದು ಇನ್ನೂ ಬೇರೆ. ಅಮೆರಿಕದಲ್ಲಿ ಇವೆಲ್ಲಕ್ಕೂ ಒಂದೇ ‘ಆರ್’ ರೇಟಿಂಗ್. ಅಂದರೆ 17 ತುಂಬದವರು ಅಪ್ಪ ಅಮ್ಮನೋ ದೊಡ್ಡವರೋ ಜೊತೆಗಿದ್ದರೆ ಮಾತ್ರ ನೋಡಬಹುದು. ನಮ್ಮ ಥಿಯೇಟರ್‌ಗಳ ‘ಎ’ ಸರ್ಟಿಫಿಕೇಟ್ ಇನ್ನೂ ಬಿಗಿ. 18 ಆಗಿರಲೇಬೇಕು. ಆದರೆ ‘ಆರ್’ ಅನ್ನುವ ಒಂದಕ್ಷರ ನಿಮಗೆ ಯಾವ ಬಗೆಯ ಮುಜುಗರ ಕಾದಿದೆ ಅಂತ ಹೇಳುವುದಿಲ್ಲ. ಅದನ್ನು ಮುಂದೆ ಒಂದೊಂದಾಗಿ ಹೇಳುತ್ತೇನೆ.

ಉಳಿದದ್ದು ಸಮಯ ಮತ್ತು ದುಡ್ಡು. ಈ ಸಿನಿಮಾಗಳಿಗೆ ಒಂದೂವರೆ ಗಂಟೆ ಹದವಾದ ಅಳತೆ. ಎರಡು ಗಂಟೆ ಮುಟ್ಟಿದರೆ ಎಳೆದಾಡಿದಂತೆ ಅನಿಸುತ್ತದೆ. ದುಡ್ಡಿನ ಮಾತು ಕೊನೆಗೆ.

ಒಂದೇ ಒಂದು ನೋಡುವುದಾದರೆ: ‘ಒನ್ ಆಫ್ ದೆಮ್ ಡೇಸ್’

2025ರ ಜನವರಿಯಲ್ಲಿ ಬಂದ ಸಿನಿಮಾ ಇದು. ನಿರ್ದೇಶಕ ಲಾರೆನ್ಸ್ ಲಮಾಂಟ್, ಬರೆದವರು ಸಿರೀಟಾ ಸಿಂಗಲ್ಟನ್. ನಿರ್ಮಾಪಕರಲ್ಲಿ ನಟಿ ಇಸಾ ರೇ ಇದ್ದಾರೆ. ಕೀಕಿ ಪಾಮರ್ ಮತ್ತು ಗಾಯಕಿ ಸಿಝಾ ಮುಖ್ಯ ಪಾತ್ರದಲ್ಲಿ. ಸಿಝಾಗೆ ಇದು ಮೊದಲ ಸಿನಿಮಾ.

ಕಥೆ ಒಂದು ಸಾಲಿನದು. ಲಾಸ್ ಏಂಜಲಿಸ್‌ನ ಒಂದು ಹಳೆಯ ಅಪಾರ್ಟ್‌ಮೆಂಟ್‌ನಲ್ಲಿ ಡ್ರೂ ಮತ್ತು ಅಲಿಸಾ ಅನ್ನುವ ಇಬ್ಬರು ಗೆಳತಿಯರು ಬಾಡಿಗೆಗೆ ಇದ್ದಾರೆ. ತಿಂಗಳ ಮೊದಲ ದಿನ. ಬಾಡಿಗೆಯ 1,500 ಡಾಲರ್ ಅನ್ನು ಅಲಿಸಾಳ ಬಾಯ್‌ಫ್ರೆಂಡ್ ತನ್ನ ಬಿಸಿನೆಸ್‌ಗೆ ಹಾಕಿ ಕೂತಿದ್ದಾನೆ. ನಮ್ಮ ಲೆಕ್ಕದಲ್ಲಿ ಒಂದೂಕಾಲು ಲಕ್ಷ ರೂಪಾಯಿಗೂ ಜಾಸ್ತಿ. ಸಂಜೆ ಆರರೊಳಗೆ ದುಡ್ಡು ಕೊಡದಿದ್ದರೆ ಸಾಮಾನೆಲ್ಲ ಬೀದಿಗೆ. ಅದೇ ದಿನ ಸಂಜೆ ಡ್ರೂಗೆ ಒಂದು ಮುಖ್ಯವಾದ ಇಂಟರ್‌ವ್ಯೂ ಬೇರೆ ಇದೆ.

ಕಥೆಗೆ ಗಡಿಯಾರ ಕಟ್ಟಿರುವುದೇ ಇದರ ದೊಡ್ಡ ಬಲ. ಪೋಲಿ ಕಾಮಿಡಿಗಳ ಹಳೆಯ ಕಾಯಿಲೆ ಅಂದರೆ ಇಂಟರ್ವಲ್ ಹೊತ್ತಿಗೆ ಕಥೆ ಸತ್ತು ಬರೀ ಬಿಡಿಬಿಡಿ ಜೋಕುಗಳು ಉಳಿಯುವುದು. ಇಲ್ಲಿ ಹಾಗಾಗುವುದಿಲ್ಲ. ಪ್ರತಿ ದೃಶ್ಯದಲ್ಲೂ ಅವರಿಗೆ ದುಡ್ಡು ಬೇಕು, ಸಮಯ ಕಡಿಮೆಯಾಗುತ್ತಿದೆ.

ಕೈಸಾಲದ ಅಂಗಡಿಯ ದೃಶ್ಯವನ್ನೇ ನೋಡಿ. ಇಬ್ಬರೂ ಆಸೆಯಿಂದ ಒಳಗೆ ಹೋಗಿ ಕೂರುತ್ತಾರೆ. ಮೇಜಿನ ಆಚೆ ಕೂತ ಹುಡುಗಿ ಕಂಪ್ಯೂಟರ್‌ನಲ್ಲಿ ಅವರ ಕ್ರೆಡಿಟ್ ಸ್ಕೋರ್ ನೋಡುತ್ತಾಳೆ. ನೋಡಿ ನಗಲು ಶುರುಮಾಡುತ್ತಾಳೆ. ನಗು ನಿಲ್ಲುವುದೇ ಇಲ್ಲ. ನಾವೂ ನಗುತ್ತೇವೆ. ನಗುತ್ತಲೇ ಡ್ರೂಳ ಮುಖ ನೋಡಿದಾಗ ಬಡತನಕ್ಕೆ ಎಷ್ಟು ಅವಮಾನ ಕಾದಿರುತ್ತದೆ ಅನ್ನುವುದು ನಾಟುತ್ತದೆ. ಒಂದೇ ದೃಶ್ಯದಲ್ಲಿ ಎರಡನ್ನೂ ಹಿಡಿಯುವುದು ಸುಲಭವಲ್ಲ. ಆಮೇಲೆ ರಕ್ತ ಕೊಟ್ಟು ದುಡ್ಡು ಪಡೆಯಲು ಹೋಗುವ ದೃಶ್ಯ ಇದೆ. ಅದು ಪೂರ್ತಿ ಹುಚ್ಚಾಟ.

ಇನ್ನೊಂದು ಸಣ್ಣ ಸಂಗತಿ. ಆ ಅಪಾರ್ಟ್‌ಮೆಂಟ್‌ಗೆ ಮೊದಲ ಸಲ ಒಬ್ಬ ಬಿಳಿ ಹುಡುಗಿ ಬಾಡಿಗೆಗೆ ಬರುತ್ತಾಳೆ. ಡ್ರೂ ಮನೆಯ ಛಾವಣಿ ಬೀಳುವ ಹಾಗಿದ್ದರೆ ಅವಳ ಮನೆ ಮಾತ್ರ ಹೊಸದಾಗಿ ಹೊಳೆಯುತ್ತಿರುತ್ತದೆ. ಯಾರೂ ಭಾಷಣ ಮಾಡುವುದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಏರಿದ್ದಕ್ಕೆ ಮನೆ ಬದಲಾಯಿಸಿದವರಿಗೆ ಈ ಭಾಗ ವಿವರಿಸಿ ಹೇಳಬೇಕಾಗಿಲ್ಲ.

ಪೋಲಿತನ ಇಲ್ಲಿ ಹೆಚ್ಚಾಗಿ ಮಾತಿನಲ್ಲಿದೆ. ಬೈಗುಳ ಧಾರಾಳ, ಮೈ ತೋರಿಸುವುದು ಕಡಿಮೆ. ಹಾಗಾಗಿ ಅಣ್ಣ, ಅಕ್ಕ, ಕಸಿನ್‌ಗಳು ಸೇರಿದ ಗುಂಪಿನಲ್ಲೂ ನಡೆಯುತ್ತದೆ. ಕಷ್ಟ ಅಂದರೆ ಮಾತಿನ ವೇಗ. ಲಾಸ್ ಏಂಜಲಿಸ್‌ನ ಕಪ್ಪು ಜನರ ಆಡುಮಾತು ಇದು. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳದೆ ಕೂರಬೇಡಿ. ಸುಮಾರು 1.4 ಕೋಟಿ ಡಾಲರ್‌ನಲ್ಲಿ ತೆಗೆದ ಈ ಸಿನಿಮಾ 5 ಕೋಟಿ ಡಾಲರ್ ಗಳಿಸಿತು. ಇಂಥ ಕಾಮಿಡಿಗಳಿಗೆ ಈಗ ಥಿಯೇಟರ್‌ಗೆ ಯಾರೂ ಬರುವುದಿಲ್ಲ ಅಂತ ಸ್ಟುಡಿಯೋಗಳು ಕೈಚೆಲ್ಲಿದ್ದ ಹೊತ್ತಿನಲ್ಲಿ ಬಂದ ಗೆಲುವು ಅದು. ನನಗೆ ನಿಜಕ್ಕೂ ಖುಷಿಯಾಯಿತು.

ಮುಜುಗರದ ಹಂಗಿಲ್ಲದಿದ್ದರೆ: ‘ಜಾಯ್ ರೈಡ್’

2023ರ ಈ ಸಿನಿಮಾ ಪಟ್ಟಿಯಲ್ಲೇ ಅತಿ ಪೋಲಿ. ನಿರ್ದೇಶಕಿ ಅಡೆಲ್ ಲಿಮ್ ಮಲೇಷ್ಯಾದಲ್ಲಿ ಹುಟ್ಟಿದವರು. ‘ಕ್ರೇಜಿ ರಿಚ್ ಏಷಿಯನ್ಸ್’ ಚಿತ್ರಕಥೆ ಬರೆದವರಲ್ಲಿ ಒಬ್ಬರು. ಇದು ಅವರ ಮೊದಲ ನಿರ್ದೇಶನ.

ಆಡ್ರಿ ಅನ್ನುವ ವಕೀಲೆ. ಚೀನಾದ ಮಗು ಅಂತ ಬಿಳಿ ದಂಪತಿ ದತ್ತು ತೆಗೆದುಕೊಂಡು ಅಮೆರಿಕದಲ್ಲಿ ಬೆಳೆಸಿದ ಹುಡುಗಿ. ಆಫೀಸಿನ ಕೆಲಸಕ್ಕೆ ಚೀನಾಗೆ ಹೋಗಬೇಕು. ಭಾಷೆ ಬರುವುದಿಲ್ಲ. ಅದಕ್ಕೇ ಬಾಲ್ಯದ ಗೆಳತಿ ಲೋಲೋಳನ್ನು ಕರೆದುಕೊಂಡು ಹೋಗುತ್ತಾಳೆ. ಲೋಲೋಳ ಕಸಿನ್ ಮತ್ತು ಆಡ್ರಿಯ ಕಾಲೇಜು ರೂಮ್‌ಮೇಟ್ ಜೊತೆಯಾಗುತ್ತಾರೆ. ದಾರಿಯಲ್ಲಿ ಆಡ್ರಿಯ ಹೆತ್ತ ತಾಯಿಯನ್ನು ಹುಡುಕುವ ಕೆಲಸ ಶುರುವಾಗುತ್ತದೆ. ಆಶ್ಲಿ ಪಾರ್ಕ್, ಶೆರಿ ಕೋಲಾ, ಸ್ಟೆಫನಿ ಶು, ಸಬ್ರೀನಾ ವು ನಾಲ್ವರೂ ಪೈಪೋಟಿಗೆ ಬಿದ್ದು ನಟಿಸಿದ್ದಾರೆ.

ಮೊದಲ ದೃಶ್ಯವೇ ಸಾಕು ಈ ದೋಸ್ತಿ ಎಂಥದ್ದು ಅಂತ ತಿಳಿಯಲು. ಆಟದ ಮೈದಾನ. ಊರಿನಲ್ಲಿ ಏಷ್ಯಾದ ಮುಖ ಇರುವ ಮಕ್ಕಳು ಇವರಿಬ್ಬರೇ. ಒಬ್ಬ ಬಿಳಿ ಹುಡುಗ ಬಂದು ಇವರ ಜನಾಂಗವನ್ನು ಹೀಯಾಳಿಸುತ್ತಾನೆ. ಪುಟ್ಟ ಲೋಲೋ ಅವನ ಮುಖಕ್ಕೆ ಗುದ್ದುತ್ತಾಳೆ. ಅಲ್ಲಿಂದ ಇಬ್ಬರೂ ಜೋಡಿ.

ಈಗ ಎಚ್ಚರಿಕೆ. ಇಲ್ಲಿ ಕೊಕೇನ್ ಇದೆ, ನೇರವಾದ ಸೆಕ್ಸ್ ಜೋಕುಗಳಿವೆ, ಹಚ್ಚೆ ಹಾಕಬಾರದ ಜಾಗದ ಹಚ್ಚೆಯೂ ತೆರೆಯ ಮೇಲೆ ಬರುತ್ತದೆ. ಮಾವ, ಅತ್ತೆ ಪಕ್ಕದ ರೂಮಿನಲ್ಲಿದ್ದರೂ ಹಾಕಬೇಡಿ. ಗಟ್ಟಿ ಗೆಳೆಯರ ಗುಂಪು, ಬಾಗಿಲು ಮುಚ್ಚಿದ ಮನೆ ಇದ್ದರೆ ಮಾತ್ರ ಇದು.

ಕೊರತೆ ಅಂದರೆ ಎರಡು ಸಿನಿಮಾ ಒಂದರಲ್ಲೇ ತುರುಕಿದಂತಿದೆ. ಮೊದಲ ಒಂದು ಗಂಟೆ ಗದ್ದಲ. ಆಮೇಲೆ ಹುಟ್ಟು, ತಾಯಿ, ನಾನು ಯಾರು ಅನ್ನುವ ಪ್ರಶ್ನೆ. ಗೇರ್ ಬದಲಾಗುವಾಗ ಒಂದು ಜರ್ಕ್ ಹೊಡೆಯುತ್ತದೆ. ಆದರೆ ಕೊನೆಯ ಭಾಗದಲ್ಲಿ ಆಶ್ಲಿ ಪಾರ್ಕ್ ಅಳಿಸುತ್ತಾರೆ, ಅದೂ ಯಾವ ಮೋಸವೂ ಇಲ್ಲದೆ. ಹೊರದೇಶದಲ್ಲಿ ಹುಟ್ಟಿ ಬೆಳೆದ, ಊರಿಗೆ ಬಂದಾಗ ಅಜ್ಜಿಯ ಕನ್ನಡಕ್ಕೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡುವ ನಮ್ಮ ಮನೆಗಳ ಮಕ್ಕಳಿಗೂ ಈ ಭಾಗ ನಾಟುತ್ತದೆ. ಥಿಯೇಟರ್‌ನಲ್ಲಿ ಸಿನಿಮಾ ಸೋತಿತು. ಹಾಕಿದ ದುಡ್ಡಿನ ಸುಮಾರು ಅರ್ಧ ಮಾತ್ರ ವಾಪಸ್ ಬಂತು. ಇದಕ್ಕಿಂತ ಜಾಸ್ತಿ ಸಿಗಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಹುಚ್ಚು ಕಲ್ಪನೆ ಇಷ್ಟವಾಗುವವರಿಗೆ: ‘ಬಾಟಮ್ಸ್’

ಇದೂ 2023ರದ್ದೇ. ಎಮ್ಮಾ ಸೆಲಿಗ್ಮನ್ ನಿರ್ದೇಶನ. ಹೈಸ್ಕೂಲಿನ ಇಬ್ಬರು ಸಲಿಂಗಿ ಹುಡುಗಿಯರು ಪಿಜೆ ಮತ್ತು ಜೋಸಿ. ಶಾಲೆಯಲ್ಲಿ ಇವರನ್ನು ಕಂಡರೆ ಯಾರಿಗೂ ಆಗದು. ಚಿಯರ್‌ಲೀಡರ್ ಹುಡುಗಿಯರನ್ನು ಒಲಿಸಿಕೊಳ್ಳಲು ‘ಆತ್ಮರಕ್ಷಣೆ ಕಲಿಸುತ್ತೇವೆ’ ಅಂತ ಹೇಳಿ ಹೊಡೆದಾಟದ ಕ್ಲಬ್ ಶುರುಮಾಡುತ್ತಾರೆ. ರೇಚಲ್ ಸೆನೊಟ್ ಮತ್ತು ಅಯೋ ಎಡೆಬಿರಿ ಜೋಡಿ ಅದ್ಭುತ. ಸೆನೊಟ್ ಚಿತ್ರಕಥೆಯಲ್ಲೂ ಪಾಲುದಾರೆ. ಮೇಷ್ಟ್ರ ಪಾತ್ರದಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಮಾಜಿ ಆಟಗಾರ ಮಾರ್ಶಾನ್ ಲಿಂಚ್ ಇದ್ದಾರೆ. ಅವರು ಬಾಯಿ ಬಿಟ್ಟಾಗಲೆಲ್ಲ ನಗು ಗ್ಯಾರಂಟಿ.

ಇಲ್ಲಿನ ಲೋಕ ನಿಜದ ಲೋಕ ಅಲ್ಲ. ಫುಟ್‌ಬಾಲ್ ತಂಡದ ಹುಡುಗರು ತರಗತಿಯಲ್ಲೂ ಆಟದ ಡ್ರೆಸ್‌ನಲ್ಲೇ ಕೂತಿರುತ್ತಾರೆ. ಹುಡುಗಿಯರ ಮೂಗಲ್ಲಿ ನಿಜವಾದ ರಕ್ತ ಸುರಿಯುತ್ತದೆ, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಈ ಲೋಕಕ್ಕೆ ನೀವು ಒಗ್ಗಿಕೊಂಡರೆ ಒಂದೂವರೆ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಒಗ್ಗದಿದ್ದರೆ ‘ಇದೇನು ತಲೆ ಬುಡ ಇಲ್ಲದ್ದು’ ಅನಿಸಿಬಿಡುತ್ತದೆ. ಮಧ್ಯದ ದಾರಿ ಇಲ್ಲ.

ಇದರ ಇನ್ನೊಂದು ಗುಣ ಅಂದರೆ ಧೈರ್ಯ. ಸಲಿಂಗಿ ಪಾತ್ರಗಳನ್ನು ಬರೀ ಒಳ್ಳೆಯವರಾಗಿ, ಪಾಪದವರಾಗಿ ತೋರಿಸುವ ಅಭ್ಯಾಸ ಹಾಲಿವುಡ್‌ಗೆ ಇದೆ. ಪಿಜೆ ಹಾಗಿಲ್ಲ. ಸುಳ್ಳು ಹೇಳುತ್ತಾಳೆ, ಸ್ವಾರ್ಥಿ, ಗೆಳತಿಯ ಮಾತು ಕೇಳುವುದಿಲ್ಲ. ಹದಿಹರೆಯದ ಹುಡುಗರಿಗೆ ಸಿನಿಮಾದಲ್ಲಿ ಇಷ್ಟು ದಿನ ಸಿಕ್ಕ ಎಲ್ಲ ಸ್ವಾತಂತ್ರ್ಯವೂ ಇವಳಿಗೆ ಸಿಕ್ಕಿದೆ. ದೋಸ್ತಿಯ ತೂಕದಲ್ಲಿ ಮಾತ್ರ ಇದು ‘ಒನ್ ಆಫ್ ದೆಮ್ ಡೇಸ್’ಗಿಂತ ಹಗುರ. ಜಗಳ ಬರುತ್ತದೆ, ಹೋಗುತ್ತದೆ, ಅಷ್ಟೊಂದು ತಟ್ಟುವುದಿಲ್ಲ.

ಮನಸ್ಸಿಗೆ ತಟ್ಟಬೇಕು ಅಂದರೆ: ‘ಬುಕ್‌ಸ್ಮಾರ್ಟ್’

2019ರದ್ದು, ಅಷ್ಟೇನೂ ಹಳೆಯದಲ್ಲ. ನಟಿ ಒಲಿವಿಯಾ ವೈಲ್ಡ್ ನಿರ್ದೇಶಿಸಿದ ಮೊದಲ ಸಿನಿಮಾ. ಇಡೀ ಶಾಲಾ ಜೀವನವನ್ನು ಓದಿನಲ್ಲೇ ಕಳೆದ ಆಮಿ ಮತ್ತು ಮಾಲಿ. ಪಾರ್ಟಿ ಮಾಡಿಕೊಂಡಿದ್ದವರಿಗೂ ಒಳ್ಳೊಳ್ಳೆ ಕಾಲೇಜುಗಳಲ್ಲಿ ಸೀಟು ಸಿಕ್ಕಿದೆ ಅಂತ ಕೊನೆಯ ದಿನ ಗೊತ್ತಾಗುತ್ತದೆ. ನಾಲ್ಕು ವರ್ಷದ ಮಜಾವನ್ನು ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸಲು ಹೊರಡುತ್ತಾರೆ. ರ‍್ಯಾಂಕಿನ ಹಿಂದೆ ಓಡಿ ಪಿಯುಸಿ ಮುಗಿಸಿದವರಿಗೆ ಮಾಲಿಯ ಆ ಮುಖ ನೋಡಿ ಎದೆ ಧಸಕ್ ಅನ್ನದೆ ಇರದು.

ಮಾಲಿ ಪಾತ್ರದ ಬೀನಿ ಫೆಲ್ಡ್‌ಸ್ಟೀನ್ ಬೇರೆ ಯಾರೂ ಅಲ್ಲ, ‘ಸೂಪರ್‌ಬ್ಯಾಡ್’ನ ಜೋನಾ ಹಿಲ್ ಅವರ ತಂಗಿ. ಎರಡೂ ಸಿನಿಮಾಗಳ ಹಂದರವೂ ಹತ್ತಿರದ್ದು. ಶಾಲೆ ಮುಗಿಯುತ್ತಿದೆ, ಒಂದು ರಾತ್ರಿ, ಒಂದು ಪಾರ್ಟಿ, ಬೇರೆಯಾಗಲಿರುವ ಇಬ್ಬರು. ಆದರೆ ‘ಸೂಪರ್‌ಬ್ಯಾಡ್’ ನೋಡಿದವರಿಗೂ ಇದು ಹೊಸದಾಗಿಯೇ ಕಾಣುತ್ತದೆ. ಕೇಟ್ಲಿನ್ ಡೆವರ್ ಆಮಿಯಾಗಿ ಮೆಲ್ಲಗೆ ಮಾತಾಡುತ್ತಲೇ ಇಡೀ ಸಿನಿಮಾವನ್ನು ಎತ್ತಿ ಹಿಡಿದಿದ್ದಾರೆ.

ಇವರಿಬ್ಬರ ನಡುವೆ ಒಂದು ಗುಟ್ಟಿನ ಮಾತು ಇದೆ: ‘ಮಲಾಲಾ’. ಒಬ್ಬಳು ಆ ಹೆಸರು ಹೇಳಿದರೆ ಇನ್ನೊಬ್ಬಳು ಪ್ರಶ್ನೆ ಕೇಳದೆ ಜೊತೆ ನಿಲ್ಲಬೇಕು. ಪಾರ್ಟಿಯಲ್ಲಿ ಇಬ್ಬರ ಜಗಳ ಶುರುವಾಗುವುದೂ ಇದೇ ಮಾತಿನ ಸುತ್ತ. ಸುತ್ತ ನಿಂತವರು ಫೋನ್ ಎತ್ತಿ ವಿಡಿಯೋ ಮಾಡುತ್ತಿರುತ್ತಾರೆ. ಮೆಲ್ಲಗೆ ಮಾತು ಕೇಳಿಸುವುದೇ ನಿಂತುಹೋಗುತ್ತದೆ. ಬಾಯಿಗಳು ಮಾತ್ರ ಅಲ್ಲಾಡುತ್ತವೆ. ಏನು ಹೇಳಿಕೊಂಡರು ಅಂತ ನಮಗೆ ಗೊತ್ತಾಗುವುದಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ಜಗಳದ ಪರೀಕ್ಷೆಯಲ್ಲಿ ಈ ಪಟ್ಟಿಯ ಯಾವ ಸಿನಿಮಾವೂ ಇದರ ಹತ್ತಿರ ಬರುವುದಿಲ್ಲ.

ಜೋಕಿನ ಲೆಕ್ಕದಲ್ಲಿ ಮಾತ್ರ ‘ಜಾಯ್ ರೈಡ್’ನಷ್ಟು ಸಿಡಿಯುವುದಿಲ್ಲ. ಹೊಟ್ಟೆ ಹುಣ್ಣಾಗುವಂತೆ ನಗಬೇಕು ಅಂತ ಬಂದ ಗುಂಪಿಗೆ ಇದನ್ನು ಹಾಕಿದರೆ ಒಬ್ಬಿಬ್ಬರು ಆಕಳಿಸಬಹುದು. ಇಬ್ಬರೇ ಕೂತು ನೋಡುವುದಾದರೆ ಇದನ್ನು ಮೀರಿಸಿದ್ದಿಲ್ಲ. ಬೇರೆ ಊರಿಗೆ, ಬೇರೆ ದೇಶಕ್ಕೆ ಹೊರಟಿರುವ ಗೆಳತಿ ಇದ್ದರೆ ಅವಳು ಹೋಗುವ ಮೊದಲೇ ನೋಡಿ.

ದೊಡ್ಡ ಹೆಸರು ಬೇಕು ಅನ್ನುವವರಿಗೆ: ‘ನೋ ಹಾರ್ಡ್ ಫೀಲಿಂಗ್ಸ್’

ಜೆನಿಫರ್ ಲಾರೆನ್ಸ್ ಇರುವುದರಿಂದ ಗುಂಪಿನಲ್ಲಿ ಬೇಗ ಒಪ್ಪಿಗೆಯಾಗುವ ಸಿನಿಮಾ ಇದು. ಮಾಂಟಾಕ್ ಅನ್ನುವ ಕಡಲ ತೀರದ ಊರು. ಅಮ್ಮ ಬಿಟ್ಟುಹೋದ ಮನೆಯ ತೆರಿಗೆ ಕಟ್ಟಲಾಗದೆ ಒದ್ದಾಡುವ ಮ್ಯಾಡಿ. ವಯಸ್ಸು 32. ಒಬ್ಬ ಶ್ರೀಮಂತ ದಂಪತಿ ತಮ್ಮ 19 ವರ್ಷದ ನಾಚಿಕೆ ಸ್ವಭಾವದ ಮಗನ ಜೊತೆ ‘ಡೇಟ್’ ಮಾಡಿದರೆ ಕಾರು ಕೊಡುತ್ತೇವೆ ಅಂತ ಜಾಹೀರಾತು ಕೊಡುತ್ತಾರೆ. ಇವಳು ಒಪ್ಪುತ್ತಾಳೆ.

ಈ ಕಥೆ ಕೇಳಿ ಮುಖ ಗಂಟಿಕ್ಕಿದವರು ಬಹಳ ಮಂದಿ. ಆ ಅಸಮಾಧಾನ ನ್ಯಾಯವಾದದ್ದೇ. ವಯಸ್ಸಿನ ಅಂತರ, ದುಡ್ಡಿನ ವ್ಯವಹಾರ, ಹುಡುಗನಿಗೆ ಏನೂ ಗೊತ್ತಿಲ್ಲದಿರುವುದು ಎಲ್ಲವೂ ಇರಿಸುಮುರಿಸು. ಆದರೆ ಸಿನಿಮಾಕ್ಕೆ ಅದು ಗೊತ್ತಿದೆ. ಕಥೆ ಮೆಲ್ಲಮೆಲ್ಲಗೆ ಸೆಕ್ಸ್‌ನಿಂದ ಸರಿದು ಇಬ್ಬರು ಒಂಟಿ ಜನರ ಗೆಳೆತನದ ಕಡೆ ಹೊರಳುತ್ತದೆ. ಹೋಟೆಲಿನಲ್ಲಿ ಆ ಹುಡುಗ ಪಿಯಾನೋ ಮುಂದೆ ಕೂತು ಹಾಡುವಾಗ ಮ್ಯಾಡಿಯ ಮುಖದಲ್ಲಿ ಆಗುವ ಬದಲಾವಣೆ ನೋಡಿ. ಮಾತೇ ಇಲ್ಲದೆ ಪಾತ್ರ ತಿರುಗಿ ನಿಲ್ಲುತ್ತದೆ. ಹುಡುಗನಾಗಿ ಆಂಡ್ರೂ ಬಾರ್ತ್ ಫೆಲ್ಡ್‌ಮನ್ ತುಂಬಾ ಚೆನ್ನಾಗಿ ಮಾಡಿದ್ದಾರೆ.

ಕಡಲ ದಂಡೆಯಲ್ಲಿ ಲಾರೆನ್ಸ್ ಬಟ್ಟೆಯಿಲ್ಲದೆ ಹೊಡೆದಾಡುವ ಒಂದು ದೃಶ್ಯ ಇದೆ. ಅದೊಂದೇ ದೃಶ್ಯ ಸಾಕು ಮನೆಮಂದಿ ಸುತ್ತಮುತ್ತ ಇರುವಾಗ ಇದನ್ನು ಕೈಬಿಡಲು. ಗಂಡ ಹೆಂಡತಿ ಅಥವಾ ಜೋಡಿ ಕೂತು ನೋಡಲು ಪಟ್ಟಿಯಲ್ಲಿ ಇದೇ ಹೆಚ್ಚು ಹೊಂದುತ್ತದೆ. ಗಂಡಸರ ಗುಂಪಿಗೆ, ಹೆಂಗಸರ ಗುಂಪಿಗೆ ಇದಕ್ಕಿಂತ ಬೇರೆಯವು ಮೇಲು.

ಉಳಿದವು ಬೇಗಬೇಗನೆ

‘ರಿಕಿ ಸ್ಟಾನಿಕಿ’ 2024ರಲ್ಲಿ ನೇರ ಪ್ರೈಮ್ ವಿಡಿಯೋದಲ್ಲೇ ಬಂತು. ಪ್ರೈಮ್ ಇದ್ದರೆ ಬೇರೆ ದುಡ್ಡು ಬೇಕಿಲ್ಲ ಅನ್ನುವುದು ಇದರ ದೊಡ್ಡ ಅನುಕೂಲ. ಚಿಕ್ಕಂದಿನಿಂದ ಮಾಡಿದ ತಪ್ಪನ್ನೆಲ್ಲ ಇಲ್ಲದ ಗೆಳೆಯನ ತಲೆಗೆ ಕಟ್ಟುತ್ತ ಬಂದ ಮೂವರು. ಒಂದು ದಿನ ಅವನನ್ನು ಮನೆಯವರಿಗೆ ತೋರಿಸಲೇಬೇಕಾಗುತ್ತದೆ. ಬಾಡಿಗೆಗೆ ಒಬ್ಬ ಸೋತ ನಟನನ್ನು ಕರೆತರುತ್ತಾರೆ. ಆ ನಟ ಜಾನ್ ಸೀನಾ. ಸುಳ್ಳುಗಳನ್ನೆಲ್ಲ ಬರೆದಿಟ್ಟ ಪುಸ್ತಕವನ್ನು ಪರೀಕ್ಷೆಗೆ ಓದಿದಂತೆ ಬಾಯಿಪಾಠ ಮಾಡಿಕೊಂಡು ಬಂದು ಎಲ್ಲರ ಮನಸ್ಸು ಗೆಲ್ಲುತ್ತಾನೆ. ಸೀನಾ ಇರುವಷ್ಟು ಹೊತ್ತು ಸಿನಿಮಾಕ್ಕೆ ಜೀವ. ಝ್ಯಾಕ್ ಎಫ್ರಾನ್ ಸೇರಿ ಉಳಿದ ಮೂವರ ದೋಸ್ತಿಯಲ್ಲಿ ಮಾತ್ರ ಆ ಸಲುಗೆಯೇ ಕಾಣಿಸದು. ನಿರ್ದೇಶಕ ಪೀಟರ್ ಫ್ಯಾರೆಲಿ 1994ರಲ್ಲಿ ‘ಡಂಬ್ ಆ್ಯಂಡ್ ಡಂಬರ್’ ಮಾಡಿದವರು. ಆಸ್ಕರ್ ಗೆದ್ದ ‘ಗ್ರೀನ್ ಬುಕ್’ ಕೂಡ ಅವರದ್ದೇ. ಅವರಿಂದ ಇದಕ್ಕಿಂತ ಜಾಸ್ತಿ ನಿರೀಕ್ಷೆ ಇತ್ತು. ಊಟ ಮಾಡುತ್ತ, ಮಾತಾಡುತ್ತ ನೋಡಲು ಅಡ್ಡಿಯಿಲ್ಲ.

‘ಗುಡ್ ಬಾಯ್ಸ್’ 2019ರದ್ದು. ಆರನೇ ತರಗತಿಯ ಮೂವರು ಹುಡುಗರ ಕಥೆ. ಪೋಸ್ಟರ್‌ನಲ್ಲಿ ಮಕ್ಕಳಿದ್ದಾರೆ ಅಂತ ಮಕ್ಕಳಿಗೆ ಹಾಕಿ ಕೊಡಬೇಡಿ. ಅಮೆರಿಕದಲ್ಲೂ ಇದಕ್ಕೆ ‘ಆರ್’ ರೇಟಿಂಗ್. ನಟಿಸಿದ ಹುಡುಗರೇ ಇದನ್ನು ಒಬ್ಬರೇ ಹೋಗಿ ನೋಡುವ ಹಾಗಿರಲಿಲ್ಲ. ದೊಡ್ಡವರಿಗೆ ಮಾತ್ರ ಚೆನ್ನಾಗಿ ನಗು ಬರುತ್ತದೆ, ಯಾಕೆಂದರೆ ಹುಡುಗರಿಗೆ ತಾವು ಆಡುತ್ತಿರುವ ಮಾತಿನ ಅರ್ಧ ಅರ್ಥ ಗೊತ್ತಿಲ್ಲ. ‘ನೋ ಹಾರ್ಡ್ ಫೀಲಿಂಗ್ಸ್’ ಮಾಡಿದ ಜೀನ್ ಸ್ಟುಪ್ನಿಟ್ಸ್ಕಿಯೇ ಇದರ ನಿರ್ದೇಶಕ. ಎರಡರಲ್ಲೂ ಪೋಲಿತನದ ಕೆಳಗೆ ಒಂದು ಮೆದು ಮನಸ್ಸಿದೆ.

‘ಡೆಡ್‌ಪೂಲ್ ಆ್ಯಂಡ್ ವುಲ್ವರಿನ್’ 2024ರಲ್ಲಿ 130 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ರಯಾನ್ ರೆನಾಲ್ಡ್ಸ್, ಹ್ಯೂ ಜಾಕ್‌ಮನ್ ಜೋಡಿ ಕಾರಿನೊಳಗೆ ಕೂತೇ ಹೊಡೆದಾಡುವ ದೃಶ್ಯ ಮಜವಾಗಿದೆ. ಆದರೆ ಹಳೆಯ ಎಕ್ಸ್-ಮೆನ್ ಸಿನಿಮಾಗಳನ್ನು ನೋಡದವರಿಗೆ ಅರ್ಧ ಜೋಕು ತಲೆಯ ಮೇಲೆ ಹಾರಿಹೋಗುತ್ತವೆ. ಗುಂಪಿನಲ್ಲಿ ಎಲ್ಲರೂ ಸೂಪರ್‌ಹೀರೋ ಅಭಿಮಾನಿಗಳಾಗಿದ್ದರೆ ಮಾತ್ರ ಇದರ ಕಡೆ ಹೋಗಿ. ರಕ್ತ ಜಾಸ್ತಿ.

ಜೋಕಿನ ಜೊತೆ ಗಟ್ಟಿ ಕಥೆಯೂ ಬೇಕು ಅನ್ನುವವರಿಗೆ 2016ರ ‘ದಿ ನೈಸ್ ಗೈಸ್’ ಹೇಳುತ್ತೇನೆ. 1977ರ ಲಾಸ್ ಏಂಜಲಿಸ್. ರಯಾನ್ ಗೋಸ್ಲಿಂಗ್ ಮತ್ತು ರಸೆಲ್ ಕ್ರೋ ಒಂದು ಕೊಲೆಯ ಜಾಡು ಹಿಡಿದು ಹೊರಡುತ್ತಾರೆ. ಪಟ್ಟಿಯಲ್ಲಿ ಪತ್ತೇದಾರಿ ಕಥೆ ಇರುವುದು ಇದೊಂದೇ. ಪೋಲಿ ಕಾಮಿಡಿ ಅಂದರೆ ಮೂಗು ಮುರಿಯುವ ಗೆಳೆಯನನ್ನು ಒಲಿಸಲು ಒಳ್ಳೆಯ ಶುರು.

ಯಾಕೆ ಎಲ್ಲವೂ ಹುಡುಗಿಯರದ್ದೇ?

ನನ್ನ ಮೇಲಿನ ಆಯ್ಕೆಗಳಲ್ಲಿ ಹೆಚ್ಚಿನವು ಹೆಂಗಸರ ಕಥೆಗಳು. ಬೇಕೆಂದೇ ಹಾಗೆ ಆರಿಸಿದ್ದಲ್ಲ. 2011ರ ‘ಬ್ರೈಡ್ಸ್‌ಮೇಡ್ಸ್’ ದೊಡ್ಡ ಗೆಲುವು ಕಂಡು ಎರಡು ಆಸ್ಕರ್ ನಾಮಿನೇಷನ್ ಪಡೆಯಿತು. 2017ರ ‘ಗರ್ಲ್ಸ್ ಟ್ರಿಪ್’ ಕೂಡ ಚೆನ್ನಾಗಿ ಓಡಿತು. ಗಂಡಸರ ಕುಡಿತ, ಗಂಡಸರ ಬ್ಯಾಚಲರ್ ಪಾರ್ಟಿ ಎಲ್ಲವೂ ಅಷ್ಟು ಹೊತ್ತಿಗೆ ಸವೆದುಹೋಗಿತ್ತು. ಗೆಳತಿಯರು ತಮ್ಮತಮ್ಮಲ್ಲೇ ಹೇಗೆ ಮಾತಾಡುತ್ತಾರೆ ಅನ್ನುವುದು ತೆರೆಗೆ ಇನ್ನೂ ಹೊಸದು. ಗಂಡಸರ ಗುಂಪೂ ಹಿಂಜರಿಯದೆ ಇವನ್ನು ಹಾಕಿ ನೋಡಬೇಕು. ಬಾಡಿಗೆ ಕಟ್ಟಲು ದುಡ್ಡಿಲ್ಲದ ಕಷ್ಟಕ್ಕೆ ಗಂಡು ಹೆಣ್ಣು ಅಂತ ಇದೆಯಾ?

ದುಡ್ಡು, ಕತ್ತರಿ ಮತ್ತು ಒಂದೆರಡು ಕಿವಿಮಾತು

ಒಂದು ಸಿನಿಮಾಕ್ಕಾಗಿ ಹೊಸ ಆ್ಯಪ್‌ನ ವರ್ಷದ ಚಂದಾ ಕಟ್ಟಬೇಡಿ. ಈ ಸಿನಿಮಾಗಳು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತವೆ. ಮೊದಲು ನಿಮ್ಮಲ್ಲಿರುವ ಆ್ಯಪ್‌ಗಳಲ್ಲಿ ಹುಡುಕಿ. ಸಿಗದಿದ್ದರೆ ಒಂದು ಸಲಕ್ಕೆ ಬಾಡಿಗೆಗೆ ಸಿಗುತ್ತದಾ ನೋಡಿ. ನಾಲ್ಕು ಜನ ಹಂಚಿಕೊಂಡರೆ ಆ ದುಡ್ಡು ಒಬ್ಬರ ಕಾಫಿ ಖರ್ಚಿಗಿಂತ ಹೆಚ್ಚಾಗುವುದಿಲ್ಲ.

ಯಾವ ಪ್ರತಿ ನೋಡುತ್ತಿದ್ದೀರಿ ಅನ್ನುವುದೂ ಮುಖ್ಯ. ಥಿಯೇಟರ್‌ಗೆ ಬರುವ ಸಿನಿಮಾ ಸೆನ್ಸಾರ್ ಮಂಡಳಿಯ ಮುಂದೆ ಹೋಗಿ ಬರಬೇಕು. ಟಿವಿಯಲ್ಲಿ ಇನ್ನಷ್ಟು ಕತ್ತರಿ ಬೀಳುತ್ತದೆ. ಮಾತೇ ಬಂಡವಾಳವಾದ ಸಿನಿಮಾದಲ್ಲಿ ನಿಮಿಷಕ್ಕೊಂದು ಬೀಪ್ ಬಂದರೆ ಉಳಿಯುವುದೇನು? ವಿಮಾನದಲ್ಲಿ ನೋಡುವುದನ್ನಂತೂ ಬಿಟ್ಟೇಬಿಡಿ. 2019ರಲ್ಲಿ ವಿಮಾನಗಳಲ್ಲಿ ತೋರಿಸಿದ ‘ಬುಕ್‌ಸ್ಮಾರ್ಟ್’ನಲ್ಲಿ ಇಬ್ಬರು ಹುಡುಗಿಯರ ಪ್ರೇಮದ ದೃಶ್ಯವನ್ನೇ ಕತ್ತರಿಸಿದ್ದರು. ಒಲಿವಿಯಾ ವೈಲ್ಡ್ ಬಹಿರಂಗವಾಗಿ ಬೇಸರ ಹೇಳಿಕೊಂಡ ಮೇಲೆ ವಿಮಾನ ಕಂಪನಿಯವರು ಅದನ್ನು ಸರಿಪಡಿಸುವುದಾಗಿ ಹೇಳಿದರು. ಆಮಿಯ ಕಥೆಯ ಮುಖ್ಯ ತಿರುವೇ ಆ ದೃಶ್ಯ.

ಮನೆಯಲ್ಲಿ ಮಕ್ಕಳಿದ್ದರೆ ಆ್ಯಪ್‌ನಲ್ಲಿ ನಿಮ್ಮ ಪ್ರೊಫೈಲ್‌ಗೆ ಪಿನ್ ಹಾಕಿ. 2021ರ ನಿಯಮದಂತೆ ನಮ್ಮಲ್ಲಿ ಒಟಿಟಿಯವರು ಪ್ರತಿ ಸಿನಿಮಾಕ್ಕೂ ವಯಸ್ಸಿನ ಗುರುತು ಹಾಕಬೇಕು. ‘ಎ’ ಅಂತ ಇದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದರ ಪಕ್ಕದಲ್ಲೇ ಬೈಗುಳ, ನಗ್ನತೆ, ಡ್ರಗ್ಸ್ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅದನ್ನೊಮ್ಮೆ ಓದಿದರೆ ಯಾರ ಎದುರು ಹಾಕಬಹುದು ಅಂತ ಗೊತ್ತಾಗುತ್ತದೆ.

ಇನ್ನು ಎಷ್ಟು ಹೊತ್ತು ಕಾದು ನೋಡಬೇಕು ಅನ್ನುವುದು. ‘ಬಾಟಮ್ಸ್’ ಹದಿನೈದು ನಿಮಿಷದಲ್ಲಿ ನಗಿಸದಿದ್ದರೆ ಬದಲಾಯಿಸಿ, ಆಮೇಲೂ ಅದೇ ಧಾಟಿ. ‘ಜಾಯ್ ರೈಡ್’ನ ರೈಲಿನ ದೃಶ್ಯ ನಿಮ್ಮ ಗುಂಪಿಗೆ ಜಾಸ್ತಿಯಾಯಿತು ಅನಿಸಿದರೆ ಅಲ್ಲೇ ನಿಲ್ಲಿಸುವುದು ಒಳ್ಳೆಯದು, ಮುಂದಿನದು ಇನ್ನೂ ಪೋಲಿ. ‘ರಿಕಿ ಸ್ಟಾನಿಕಿ’ಯಲ್ಲಿ ಸೀನಾ ಗೆಳೆಯನ ವೇಷ ಹಾಕಿ ಮನೆಯವರ ಮುಂದೆ ಬರುವವರೆಗೆ ಕಾಯಿರಿ. ‘ಒನ್ ಆಫ್ ದೆಮ್ ಡೇಸ್’ ಶುರುವಿನಲ್ಲಿ ನಿಧಾನ ಅನಿಸಬಹುದು. ಕೈಸಾಲದ ಅಂಗಡಿಯ ತನಕ ಸುಮ್ನೆ ಕೂತಿರಿ.